ಹಳ್ಳಿಮೈಸೂರಿನ ಸರದಿ

ನಾನು ಮೂವತ್ತೈದು ವರ್ಷ ಸೀಟಿ ಊದಿ ಬದುಕಿದವನು. ಹಾಸನದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿದ್ದೆ. ಸಾಲು ಸೊಟ್ಟಗಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ನಿವೃತ್ತಿಯಾದ ಮೇಲೆ ಸಾಲು ನಿಲ್ಲಿಸಲು ಯಾರೂ ಸಿಗದೆ ಮನೆಬಾಗಿಲಿನ ಚಪ್ಪಲಿಗಳನ್ನು ಜೋಡಿಸುತ್ತಿದ್ದೆ, ಆಮೇಲೆ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಲು ಹೋದೆ. ಹೆಂಡತಿ ಒಂದೆರಡು ತಿಂಗಳು ಸಹಿಸಿಕೊಂಡಳು. ಮೆಂತ್ಯದ ಡಬ್ಬಿ ಸಿಗದೆ ಹೋದ ದಿನ, "ನಿಮಗೆ ಮನೆಯಿಂದ ಆಚೆ ಏನಾದ್ರೂ ಒಂದು ಕೆಲಸ ಬೇಕು ಕಣ್ರೀ" ಅಂದಳು. ನಾವು ಮೂವರು ಗೆಳೆಯರು ಸೇರಿ ಮೋಟಾರ್‌ಹೋಮ್ ಮಾಡಿಸಿದ್ದು ಆ ವರ್ಷವೇ.

ಮೂವರಲ್ಲಿ ಒಬ್ಬ ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಇಟ್ಟಿರುವವನು. ಇನ್ನೊಬ್ಬ ಹೊಳೆನರಸೀಪುರದ ಆಚೆ ಹಳ್ಳಿಮೈಸೂರಿನಲ್ಲಿ ಬೇಸಾಯ ಮಾಡುವವನು. ಮೂರನೆಯವನು ನಾನು. ಹಾಸನದಲ್ಲಿ ಓದುವಾಗ ಹಾಸ್ಟೆಲಿನ ಒಂದೇ ರೂಮಿನಲ್ಲಿ ಮೂರು ವರ್ಷ ಕಳೆದವರು ನಾವು. ಪಾತ್ರೆಯವನು ಜೈನರವನು, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗಿಡುವುದಿಲ್ಲ. ಆಲೂಗಡ್ಡೆ ಬೆಳೆಯುವ ಸೀಮೆಯಲ್ಲಿ ಹುಟ್ಟಿ ಆಲೂಗಡ್ಡೆಯ ರುಚಿ ಏನೆಂದು ಗೊತ್ತಿಲ್ಲದ ಮನುಷ್ಯ. ರೈತ ಗೆಳೆಯನಿಗೆ ಭಾನುವಾರ ಕೋಳಿಸಾರು ಇಲ್ಲದಿದ್ದರೆ ಸೋಮವಾರ ಬೆಳಗಾಗುವುದಿಲ್ಲ. ಇವರಿಬ್ಬರೂ ಒಂದೇ ರೂಮಿನಲ್ಲಿ ಜಗಳವಾಡದೆ ಬಾಳಿದ್ದರು. ಜಗಳವಾಡುತ್ತಿದ್ದವನು ನಾನೊಬ್ಬನೇ.

ಹೊಳೆನರಸೀಪುರದ ಒಂದು ಛತ್ರದಲ್ಲಿ ಮದುವೆಗೆ ಹೋಗಿದ್ದಾಗ, ಯಾರೋ ದೂರದ ನೆಂಟರು ಮಂಚ, ಒಲೆ, ನೀರಿನ ತೊಟ್ಟಿ ಎಲ್ಲ ಇದ್ದ ವ್ಯಾನಿನಲ್ಲಿ ಬಂದಿಳಿದರು. ನಾವು ಮೂವರೂ ಊಟದ ಪಂಕ್ತಿ ತಪ್ಪಿಸಿಕೊಂಡು ಆ ವ್ಯಾನನ್ನು ಸುತ್ತುಹಾಕಿದೆವು. ಅರವತ್ತು ದಾಟಿದ ಗಂಡಸರು ಕಿಟಕಿಗೆ ಮೂಗೊತ್ತಿಕೊಂಡು ನಿಂತದ್ದನ್ನು ನೋಡಿ ಅಡುಗೆಯವರು ನಗುತ್ತಿದ್ದರು. ಎರಡನೇ ಪಂಕ್ತಿಗೆ ಕೂರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಅಂಥದ್ದೊಂದು ನಮಗೂ ಬೇಕು, ಒಬ್ಬೊಬ್ಬರಿಗೆ ಎಟುಕುವುದಿಲ್ಲ, ಮೂವರೂ ಸೇರೋಣ.

ಹಳೆಯ ಮಿನಿಬಸ್ಸೊಂದನ್ನು ಕೊಂಡು ಅರಕಲಗೂಡಿನ ಒಂದು ಶೆಡ್ಡಿನಲ್ಲಿ ಮನೆ ಮಾಡಿಸಿದೆವು. ಆ ಶೆಡ್ಡಿನವನು ಅಲ್ಲಿಯವರೆಗೆ ಟ್ರ್ಯಾಕ್ಟರ್ ಟ್ರೇಲರ್ ಬಿಟ್ಟು ಬೇರೇನೂ ಮಾಡಿದವನಲ್ಲ. ಅವನು ಬೆಸುಗೆ ಹಾಕಿದ ಮಂಚದ ಮೇಲೆ ಎರಡು ಟನ್ ಶುಂಠಿ ಹೇರಬಹುದು. ಬಾಗಿಲಿಗೆ ಕೋಟೆಗೆ ಹಾಕುವಂಥ ಚಿಲಕ ಹಾಕಿಕೊಟ್ಟ. "ಸಾ, ಒಳಗಿಂದ ಹಾಕ್ಕೊಂಡ್ರೆ ಆನೆ ಬಂದ್ರೂ ತೆಗಿಯಕ್ಕಾಗಕಿಲ್ಲ" ಎಂದು ಹೆಮ್ಮೆಪಟ್ಟ. ಗ್ಯಾಸ್ ಒಲೆ, ಸಣ್ಣ ಫ್ಯಾನು, ಎರಡು ಕಿಟಕಿಗೆ ಪರದೆ. ಗಾಡಿ ನೋಡಿದ ಹಳ್ಳಿಮೈಸೂರಿನ ಜನ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ನಮಗೂ ಅದೇ ಬಾಯಿಗೆ ಬಂತು.

ನಿಯಮ ಬರೆದವನು ನಾನು. ಬೇರೆ ಯಾರು ಬರೆದಾರು? ಒಂಬತ್ತು ನಿಯಮಗಳನ್ನು ಟೈಪ್ ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ ಬಾಗಿಲ ಒಳಗಡೆ ಅಂಟಿಸಿದೆ. ಗಾಡಿಯೊಳಗೆ ಮಾಂಸ ಬೇಯಿಸಬಾರದು, ಬೇಯಿಸುವುದಿದ್ದರೆ ಹೊರಗೆ ಮೂರು ಕಲ್ಲಿಟ್ಟು. ಪಾತ್ರೆಯವನು ಜೊತೆಯಲ್ಲಿದ್ದರೆ ಸಂಜೆ ಐದಕ್ಕೆ ಗಾಡಿ ನಿಂತು ಅಡುಗೆ ಶುರುವಾಗಬೇಕು. ಹತ್ತತ್ತು ದಿನ ಒಬ್ಬೊಬ್ಬರ ಸರದಿ, ಹಾಸನದಿಂದ ಚನ್ನರಾಯಪಟ್ಟಣ, ಅಲ್ಲಿಂದ ಹಳ್ಳಿಮೈಸೂರು, ಮತ್ತೆ ಹಾಸನ. ಗಾಡಿ ತಂದುಕೊಟ್ಟವನಿಗೆ ತೆಗೆದುಕೊಂಡವನು ಮಸಾಲೆದೋಸೆ ತಿನ್ನಿಸಿ ಬಸ್ಸು ಹತ್ತಿಸಬೇಕು. ಕೊಡುವಾಗ, ತೆಗೆದುಕೊಳ್ಳುವಾಗ ಎಷ್ಟು ಕಿಲೋಮೀಟರ್ ಓಡಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಈ ಕೊನೆಯ ನಿಯಮ ನೋಡಿ ರೈತ ಗೆಳೆಯ, "ಇದ್ಯಾಕ್ಲಾ? ಎಲ್ಲಿಗೋಯ್ತದೆ ಗಾಡಿ?" ಎಂದ. ಶಿಸ್ತು ಅಂದೆ. ಅವನು ತಲೆಯಾಡಿಸಿದ.

ಮೊದಲ ವರ್ಷ ಬಹಳ ಚೆನ್ನಾಗಿತ್ತು. ನಾನೂ ನನ್ನ ಹೆಂಡತಿಯೂ ಗೊರೂರಿನ ಹಿನ್ನೀರ ಕಡೆಗೆ, ಅರಕಲಗೂಡಿನ ಕೆರೆಗಳ ಕಡೆಗೆ ಹೋಗಿಬಂದೆವು. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಮಡಚುವ ಕುರ್ಚಿ ಹಾಕಿಕೊಂಡು ನೀರು ನೋಡುತ್ತಾ ಕೂತರೆ ಒಳಗಿನಿಂದ ಬಿಸಿ ಉಪ್ಪಿಟ್ಟು ಬರುತ್ತಿತ್ತು. ಇದಕ್ಕಿಂತ ಸುಖ ಇನ್ನೇನಿದೆ ಎಂದು ನಾನು ಕೇಳುತ್ತಿದ್ದೆ. ಹೆಂಡತಿ ಒಳಗಿನಿಂದಲೇ "ಹೂಂ" ಅನ್ನುತ್ತಿದ್ದಳು. ಪಾತ್ರೆಯವನು ಸಂಸಾರ ಸಮೇತ ಮೂಡುಬಿದಿರೆವರೆಗೂ ಹೋಗಿಬಂದ.

ಎರಡನೇ ವರ್ಷ ಆ ಕಿಲೋಮೀಟರ್ ಪುಸ್ತಕದ ಮೇಲೆ ನನ್ನ ಕಣ್ಣು ಬಿತ್ತು. ಹಳ್ಳಿಮೈಸೂರಿನ ಸರದಿಯಲ್ಲಿ ಗಾಡಿ ಓಡುತ್ತಲೇ ಇರಲಿಲ್ಲ. ಚನ್ನರಾಯಪಟ್ಟಣದಿಂದ ಅವನ ಊರಿಗೆ ಎಷ್ಟೋ ಅಷ್ಟು, ಅವನ ಊರಿನಿಂದ ಹಾಸನಕ್ಕೆ ಎಷ್ಟೋ ಅಷ್ಟು. ಮಧ್ಯೆ ಹತ್ತು ದಿನ ಒಂದು ಕಿಲೋಮೀಟರೂ ಇಲ್ಲ. ಹಿಂದಿನ ಹಾಳೆ ತಿರುವಿದೆ, ಅಲ್ಲೂ ಇಲ್ಲ. ಹಾಗಂತ ಗಾಡಿ ಬಳಸಿಲ್ಲವೇ ಎಂದರೆ, ಬಳಸಿದ್ದಾರೆ. ಫ್ಯಾನು ಓಡಿ ಓಡಿ ಬ್ಯಾಟರಿ ಇಳಿದಿರುತ್ತಿತ್ತು. ದಿಂಬಿಗೆ ಕೊಬ್ಬರಿ ಎಣ್ಣೆಯ ವಾಸನೆ. ಹೊದಿಕೆಯನ್ನು ನಾವ್ಯಾರೂ ಮಡಿಸದಷ್ಟು ಅಚ್ಚುಕಟ್ಟಾಗಿ ಮಡಿಸಿಟ್ಟಿರುತ್ತಿದ್ದರು.

ನನ್ನ ತಲೆ ಎಲ್ಲಿಗೆ ಓಡಬೇಕೋ ಅಲ್ಲಿಗೇ ಓಡಿತು. ಶುಂಠಿ ಕಾಲದಲ್ಲಿ ಆ ಕಡೆಗೆ ಹೊರಗಿನ ವ್ಯಾಪಾರಿಗಳು ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅವರಿಗೆ ಮಲಗಲು ನಮ್ಮ ಗಾಡಿಯನ್ನು ಬಾಡಿಗೆಗೆ ಬಿಡುತ್ತಿದ್ದಾನೆ! ಮೂವರ ಗಾಡಿ, ಮೂವರ ದಿಂಬು! ಪಾತ್ರೆಯವನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ಗಿರಾಕಿಗೆ ಕುಕ್ಕರ್ ತೋರಿಸುತ್ತಿದ್ದ. "ಬಿಟ್ರೆ ಬಿಡ್ಲಿ ಬಿಡೋ. ಮಲಗಿದ್ರೆ ಗಾಡಿ ಸವೆಯುತ್ತಾ?" ಎಂದ. ಅವನ ಈ ತಣ್ಣನೆಯ ಸ್ವಭಾವ ಹಾಸ್ಟೆಲಿನ ದಿನದಿಂದಲೂ ನನಗೆ ಆಗುವುದಿಲ್ಲ. "ನೀನು ಅಂಗಡಿ ನೋಡ್ಕೋ, ನಾನು ಹೋಗಿ ಹಿಡೀತೀನಿ" ಎಂದು ಫೋನಿಟ್ಟೆ.

ಹೇಳದೆ ಕೇಳದೆ ಹೋದೆ. ಹಾಸನದಿಂದ ಹೊಳೆನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹಳ್ಳಿಮೈಸೂರಿನಲ್ಲಿ ಇಳಿದಾಗ ಮಧ್ಯಾಹ್ನ ಒಂದೂವರೆ. ಅವನ ಮನೆ ನನಗೆ ಹೊಸದಲ್ಲ, ಅವನ ಮದುವೆಯ ಕಾಲದಿಂದ ಬಂದು ಹೋಗಿ ಮಾಡಿದ ಮನೆ. ಬಾಗಿಲು ತೆರೆದೇ ಇತ್ತು. ನಡುಮನೆಯ ಕಿಟಕಿಯ ಪಕ್ಕ ಮಂಚದ ಮೇಲೆ ಗೆಳೆಯನ ತಾಯಿ ಮಲಗಿದ್ದರು. ಸೊಂಟದ ಮೂಳೆ ಮುರಿದ ಮೇಲೆ ಅವರು ಎದ್ದು ಓಡಾಡುವುದು ನಿಂತುಹೋಗಿತ್ತು. ನನ್ನನ್ನು ನೋಡಿ ಕೈ ಎತ್ತಿ ಆಡಿಸಿದರು. ನಾನೂ ಕೈ ಮುಗಿದು ನಮಸ್ಕಾರ ಹಾಕಿ, ಮಾತಿಗೆ ನಿಂತರೆ ಕೆಲಸ ಕೆಡುತ್ತದೆಂದು ಸೀದಾ ಹಿತ್ತಿಲಿಗೆ ನಡೆದೆ.

ಹಿತ್ತಿಲಿನಲ್ಲಿ ಹೊಂಗೆಮರದ ಕೆಳಗೆ ಗಾಡಿ ನಿಂತಿತ್ತು. ಪರದೆ ಎಳೆದಿತ್ತು. ಒಳಗೆ ಫ್ಯಾನು ತಿರುಗುವ ಸದ್ದು. ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ಡ್ರಿಲ್ ಪೀರಿಯಡ್ ತಪ್ಪಿಸಿಕೊಂಡು ಶಾಲೆಯ ಹಿಂದೆ ಅವಿತುಕೊಂಡ ಹುಡುಗರನ್ನು ಹೊರಗೆಳೆಯಲು ಬಳಸುತ್ತಿದ್ದ ದನಿಯೊಂದು ನನ್ನ ಬಳಿ ಇದೆ. ಆ ದನಿಯಲ್ಲಿ, "ಯಾರ್ರೀ ಅದು ಒಳಗೆ? ಬಾಗಿಲು ತೆಗೀರಿ!" ಎಂದು ಕೂಗಿ, ಅಂಗೈ ಅಗಲಿಸಿ ಬಾಗಿಲನ್ನು ದಬದಬ ಬಡಿದೆ.

ಒಳಗೆ ಫ್ಯಾನು ನಿಂತಿತು. ಆಮೇಲೆ ಚಿಲಕ ಸರಿಯಿತು. ಬಾಗಿಲಲ್ಲಿ ಗೆಳೆಯನ ಹೆಂಡತಿ ನಿಂತಿದ್ದಳು.

ಜಡೆ ಬಿಚ್ಚಿತ್ತು. ಕೆನ್ನೆಯ ಮೇಲೆ ದಿಂಬಿನ ನೆರಿಗೆ ಮೂಡಿತ್ತು. ಕಣ್ಣು ಇನ್ನೂ ನಿದ್ದೆಯಲ್ಲಿತ್ತು, ಆದರೆ ಕೈ ಆಗಲೇ ಸೆರಗು ಎಳೆದುಕೊಳ್ಳುತ್ತಿತ್ತು. ಐವತ್ತೈದು ದಾಟಿದ ಹೆಂಗಸು, ಮೊಮ್ಮಗು ಎತ್ತಿ ಆಡಿಸುವವಳು, ಸಿಕ್ಕಿಬಿದ್ದ ಮಕ್ಕಳು ನನ್ನೆದುರು ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು. "ಕಸ ಗುಡಿಸ್ತಿದ್ದೆ ಅಣ್ಣಾ" ಅಂದಳು. ಕೈಯಲ್ಲಿ ಪೊರಕೆ ಇರಲಿಲ್ಲ. ಗಾಡಿಯೊಳಗೂ ಇರಲಿಲ್ಲ. ನನ್ನ ಪಕ್ಕದಿಂದ ತೂರಿಕೊಂಡು ಇಳಿದು ಮನೆಯೊಳಗೆ ಓಡಿದಳು. ಎರಡು ನಿಮಿಷಕ್ಕೆ ಕಾಫಿ ಬಂತು. ಅರ್ಧ ಗಂಟೆಗೆ ಬಿಸಿ ಮುದ್ದೆ, ಅವರೆಕಾಳಿನ ಸಾರು. ನಾನು ಕೂತು ಉಂಡೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಆದರೆ ಉಂಡದ್ದು ನಿಜ.

ಅಷ್ಟರಲ್ಲಿ ಗೆಳೆಯ ಹೊಲದಿಂದ ಬಂದ. ನನ್ನನ್ನು ನೋಡಿದ, ಒಲೆಯ ಮುಂದೆ ಮುಖ ತಿರುಗಿಸಿ ನಿಂತ ಹೆಂಡತಿಯನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. "ಬಾ, ಬಸ್ಸಿಗೆ ಬುಟ್ಬತ್ತೀನಿ" ಎಂದು ಎಬ್ಬಿಸಿಕೊಂಡು ಹೊರಟ. ದಾರಿಯಲ್ಲಿ ಶುಂಠಿ ವ್ಯಾಪಾರಿಗಳ ವಿಷಯ ನಾನೇ ಬಾಯಿಬಿಟ್ಟೆ. ಅವನು ನಿಂತು ನನ್ನ ಮುಖ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಮನೇಲಿ ಅನ್ನೊಂದು ಜನ ಕಣ್ಲಾ" ಎಂದ. "ರೂಮು ಮೂರು. ತಮ್ಮನ ಮಗನ ಮದ್ವೆ ಆದಾಗ ನಮ್ಮ ರೂಮು ಅವರಿಗೆ ಬುಟ್ಕೊಟ್ಟೊ. ಒಸ ಗಂಡ ಎಂಡ್ರು, ಅವರನ್ನ ಜಗಲಿ ಮ್ಯಾಲೆ ಮನಗ್ಸಕ್ಕಾಯ್ತದಾ? ನಾನು ಜಗಲಿಗೆ ಬಂದೆ. ಅವಳು ಅವ್ವನ ಮಂಚದ ಪಕ್ಕ ನೆಲದ ಮ್ಯಾಲೆ. ಅವ್ವುಂಗೆ ಇವಳ ಕೈಯೇ ಆಗ್ಬೇಕು, ಚಿಕ್ಕಸೊಸೆ ಓದ್ರೆ ಆಗಕಿಲ್ಲ. ಒಂದು ಗಳಿಗೆ ಕುಂತ್ರೆ ಕೂಗೋದೇಯ."

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನು ಜಗಲಿಯ ಮೇಲೆ ಮಲಗುವುದನ್ನು ಕಂಡಿದ್ದೆ, ಗಾಳಿ ಚೆನ್ನಾಗಿದೆ ಎಂದು ಹೊಗಳಿಯೂ ಇದ್ದೆ.

"ಮೊದಲ್ನೇ ಸಲ ಗಾಡಿ ಬಂದಾಗ, ಗುಡಿಸ್ತೀನಿ ಅಂತ ಒಳಕ್ಕೆ ಅತ್ತಿದೋಳು ಒಂದು ಗಂಟೆ ಈಚೆಗೇ ಬರ್ನಿಲ್ಲ. ಉಸಾರಿಲ್ವೇನೋ ಅಂತ ಓಗಿ ನೋಡುದ್ರೆ ಮಂಚದ ಮ್ಯಾಲೆ ಸುಮ್ನೆ ಕುಂತವ್ಳೆ. ಏನಾಯ್ತು ಅಂದೆ. 'ಏನೂ ಇಲ್ಲ, ಯಾರೂ ಕೂಗ್ನಿಲ್ಲ' ಅಂದ್ಲು. ಅಷ್ಟೇಯ. ಅವತ್ತಿಂದ ನಾನು ಗಾಡಿ ಅಳ್ಳಾಡಿಸ್ನಿಲ್ಲ. ರಿಪೇರಿ ಅದೆ, ಯಾರೂ ಅತ್ಬೇಡಿ ಅಂತ ಮನೇಲಿ ಏಳಿವ್ನಿ. ಉಂಡಾದ ಮ್ಯಾಲೆ ಎರಡು ಗಂಟೆ ಒತ್ತು ಅವಳು ಅಲ್ಲಿ ಮನಿಕ್ಕತ್ತಾಳೆ. ಒಳಗಿಂದ ಚಿಲಕ ಆಕ್ಕೊಂಡು."

"ನಮಗೆ ಹೇಳಬಾರದಿತ್ತಾ?" ಅಂದೆ.

"ಏನಂತ ಏಳ್ಲಿ?" ಎಂದ. ಅಷ್ಟು ಹೊತ್ತು ಮೆತ್ತಗಿದ್ದ ದನಿ ಆಗ ಒಡೆಯಿತು. "ಇಷ್ಟು ವರ್ಸ ಸಂಸಾರ ಮಾಡಿ, ಎಂಡ್ರಿಗೆ ಕಣ್ಣುಮುಚ್ಚಕೆ ಒಂದು ಮೂಲೆ ಕೊಡಕ್ಕಾಗ್ನಿಲ್ಲ ಅಂತ ಏಳ್ಲಾ?"

ಬಸ್ಸು ಬಂತು. ಹತ್ತಿದೆ. ಕಿಟಕಿಯಿಂದ ನೋಡಿದರೆ ಅವನು ಇನ್ನೂ ಅಲ್ಲೇ ನಿಂತಿದ್ದ. ನನ್ನನ್ನು ನಾನೇ ಬೈದುಕೊಳ್ಳುತ್ತಾ ಹೊಳೆನರಸೀಪುರದವರೆಗೆ ಹೋದೆ. ಕೋಪ ನನಗೆ ಹೊಸದಲ್ಲ, ಆದರೆ ಅವತ್ತು ಅದಕ್ಕೆ ನನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಅದಾದ ಮೇಲೆ ಅವಳು ಗಾಡಿ ಹತ್ತಲಿಲ್ಲ. ಆ ಸರದಿಯಲ್ಲಿ ಉಳಿದ ದಿನಗಳಲ್ಲೂ ಇಲ್ಲ, ಮುಂದಿನ ಸರದಿಯಲ್ಲೂ ಇಲ್ಲ. ಗೆಳೆಯನೇ ಹೇಳಿದ. "ಯಾರಾರ ಬಂದ್ಬುಟ್ಟಾರು ಅಂತಾಳೆ" ಎಂದ. ಆಮೇಲೆ, "ನನ್ ಭಾಗ ನೀವಿಬ್ರೇ ಇಟ್ಕೊಳಿ. ನನಗ್ಯಾಕೆ ಇನ್ನು ಗಾಡಿ?" ಎಂದ. ದನಿಯಲ್ಲಿ ಸಿಟ್ಟಿಲ್ಲ. ಪಾತ್ರೆಯವನಿಗೆ ವಿಷಯ ಹೇಳಿದೆ. ಮನುಷ್ಯ ಮೊದಲ ಸಲ ನನ್ನ ಮೇಲೆ ರೇಗಿದ. "ಮಲಗಿದ್ರೆ ಸವೆಯುತ್ತಾ ಅಂತ ಕೇಳಿದ್ನಲ್ಲೋ ನಿನ್ನ" ಎಂದು ಫೋನಿಟ್ಟುಬಿಟ್ಟ.

ನನಗೆ ಒಂದು ದೊಡ್ಡ ಮನಸ್ಸು ಬಂತು. ನನ್ನ ಸರದಿಯ ದಿನಗಳನ್ನೂ ಹಳ್ಳಿಮೈಸೂರಿಗೇ ಕೊಟ್ಟುಬಿಡುತ್ತೇನೆ, ಹೋಗಿ ಕೈಮುಗಿದು ಕ್ಷಮೆ ಕೇಳುತ್ತೇನೆ ಎಂದು ತೀರ್ಮಾನಿಸಿದೆ. ಇದನ್ನು ಹೆಂಡತಿಗೆ ಹೇಳಿದೆ. ಹೊಗಳುತ್ತಾಳೆ ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಅವಳು ಸೊಪ್ಪು ಬಿಡಿಸುತ್ತಿದ್ದಳು. ಇಡೀ ಕತೆ ಕೇಳಿ, ಸೊಪ್ಪು ಕೆಳಗಿಟ್ಟು, "ಸರದಿ ಕೊಡೋಕೆ ಮುಂಚೆ ನನ್ನ ಕೇಳಬೇಕು ಅನ್ನಿಸ್ಲಿಲ್ವಾ?" ಅಂದಳು.

"ನಿನಗೆ ಬೇಕಾ?"

"ನೀವು ಯಾವತ್ತು ಕೇಳಿದ್ರಿ? ಆ ಗಾಡೀಲಿ ಎಷ್ಟು ಸಲ ಹೋಗಿದ್ದೀವಿ, ನಾನು ಏನು ಮಾಡಿದೆ ಹೇಳಿ ನೋಡೋಣ."

ನನಗೆ ನೆನಪಾದದ್ದು ಗೊರೂರಿನ ನೀರು, ನನ್ನ ಮಡಚುವ ಕುರ್ಚಿ.

"ಉಪ್ಪಿಟ್ಟು ಮಾಡಿದೆ" ಅಂದಳು. "ಗೊರೂರಲ್ಲಿ ಉಪ್ಪಿಟ್ಟು, ಅರಕಲಗೂಡಲ್ಲಿ ಚಿತ್ರಾನ್ನ. ನಿಮಗದು ಮೋಟಾರ್‌ಹೋಮು. ನನಗೆ ಸೊಂಟ ತಿರುಗಿಸೋಕಾಗದ ಅಡುಗೆಮನೆ. ಹಳ್ಳಿಮೈಸೂರಿನವಳಾದ್ರೂ ಅದರಲ್ಲಿ ನಿದ್ದೆ ಮಾಡಿದ್ಲಲ್ಲ, ಪುಣ್ಯಾತ್ಗಿತ್ತಿ. ಅದನ್ನೂ ಹೋಗಿ ಬಡಿದು ಎಬ್ಬಿಸಿದ್ರಿ."

ನಾನು ಗೋಡೆ ನೋಡುತ್ತಾ ಕೂತೆ. ಅವಳಿಗೆ ಅಯ್ಯೋ ಅನ್ನಿಸಿರಬೇಕು. ಸೊಪ್ಪು ಮತ್ತೆ ಕೈಗೆತ್ತಿಕೊಂಡು ಮೆಲ್ಲಗೆ ಹೇಳಿದಳು. "ಕ್ಷಮೆ ಕೇಳೋಕೆ ಹೋಗಬೇಡಿ. ನೀವು ಕ್ಷಮೆ ಕೇಳೋಕೆ ಹೋದ್ರೆ ಅವಳೇ ಎದ್ದು ಕಾಫಿ ಮಾಡಬೇಕು. ಆ ಎರಡು ಗಂಟೆ ಅವಳ ಅತ್ತೆ ಪಕ್ಕದಲ್ಲಿ ಯಾರು ಕೂತ್ಕೋತಾರೆ? ಅದನ್ನ ಮಾಡಿ. ನಾನು ಬರಲ್ಲ, ಬಂದ್ರೆ ನನ್ನನ್ನೂ ಉಪಚಾರ ಮಾಡಬೇಕಾಗುತ್ತೆ."

ಹಾಗೆ ನನ್ನ ಸರದಿಯಲ್ಲಿ ನಾನೇ ಗಾಡಿ ಓಡಿಸಿಕೊಂಡು ಹಳ್ಳಿಮೈಸೂರಿಗೆ ಹೋದೆ. ಹೊಂಗೆಮರದ ಕೆಳಗೆ ನಿಲ್ಲಿಸಿ, ಕೀಲಿಯನ್ನು ಗೆಳೆಯನ ಕೈಗಿಟ್ಟು, ನಾಲ್ಕು ದಿನ ಇಲ್ಲೇ ಇರುತ್ತೇನೆ, ನಿನ್ನ ಜೊತೆ ಜಗಲಿಯ ಮೇಲೆ ಮಲಗುತ್ತೇನೆ ಅಂದೆ. ಅವನು ವಿಚಿತ್ರವಾಗಿ ನೋಡಿದ. ಕಾಫಿ ಬಿಟ್ಟಿದ್ದೇನೆ, ಡಾಕ್ಟರು ಹೇಳಿದ್ದಾರೆ ಎಂದು ಮನೆಯವರಿಗೆಲ್ಲ ಕೇಳುವ ಹಾಗೆ ಸುಳ್ಳು ಹೇಳಿದೆ. ಕಾಫಿ ಇಲ್ಲದೆ ನಾಲ್ಕು ದಿನ ನನ್ನ ತಲೆ ಸಿಡಿದದ್ದು ನನಗೇ ಗೊತ್ತು.

ಮೊದಲ ದಿನ ಮಧ್ಯಾಹ್ನ ಒಂದು ಗಂಟೆಗೆ ಗೆಳೆಯನ ತಾಯಿಯ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಗೆಳೆಯನ ಹೆಂಡತಿ ಪಾತ್ರೆ ತೊಳೆದಳು, ಕೊಟ್ಟಿಗೆಗೆ ಹೋದಳು, ರಾಗಿ ಹಸನು ಮಾಡಿದಳು. ಹಿತ್ತಿಲ ಬಾಗಿಲವರೆಗೆ ಬಂದು ತಿರುಗಿ ಹೋದಳು. ಎರಡನೇ ದಿನವೂ ಅಷ್ಟೇ. ನಾನು ಇರುವುದೇ ಅವಳಿಗೆ ಅಡ್ಡಿಯಾಗಿದೆ ಅನ್ನಿಸತೊಡಗಿತು. ಎಷ್ಟೋ ಮಕ್ಕಳಿಗೆ ಓಡುವುದು ಕಲಿಸಿದ ನನಗೆ ಒಬ್ಬ ಹೆಂಗಸನ್ನು ಇಪ್ಪತ್ತು ಹೆಜ್ಜೆ ನಡೆಸಲು ದಾರಿ ಕಾಣಲಿಲ್ಲ. ಸೋತು ಹೋದೆ ಅನ್ನಿಸಿತು. ಗಾಡಿ ತೆಗೆದುಕೊಂಡು ವಾಪಸ್ ಹೋಗುವುದೇ ವಾಸಿ ಎಂದುಕೊಂಡೆ.

ಮೂರನೇ ದಿನ ನಾನು ಕೂತು ಸ್ವಲ್ಪ ಹೊತ್ತಾಗಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದೆ.

"ಮೇಷ್ಟ್ರೇ" ಅಂದರು. "ನೀನು ಯಾಕ್ ಬಂದು ಇಲ್ಲಿ ಕುಂತಿದ್ದೀಯೆ, ನಂಗೊತ್ತು ಕಣಪ್ಪ."

ನಾನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಅವತ್ತು ನಾನು ಬ್ಯಾಡ ಬ್ಯಾಡ ಅಂತ ಕೈ ಆಡಿಸ್ದೆ. ನೀನು ನಮಸ್ಕಾರ ಆಕ್ಬುಟ್ಟು ಓದೆ."

ನಾನು ತಲೆ ಎತ್ತಿ ಕಿಟಕಿಯ ಕಡೆ ನೋಡಿದೆ. ಅಲ್ಲಿಂದ ಹೊಂಗೆಮರವೂ ಗಾಡಿಯೂ ಪೂರ್ತಿ ಕಾಣುತ್ತಿದ್ದವು. ಎರಡು ದಿನ ಅದೇ ಕಿಟಕಿಯ ಪಕ್ಕ ಕೂತಿದ್ದರೂ ನಾನು ಗಮನಿಸಿರಲಿಲ್ಲ.

"ನಿಮಗೆ ಮೊದಲಿಂದ ಗೊತ್ತಿತ್ತಾ?" ಎಂದೆ.

"ಮೊದ್ಲ ದಿನ್ದಿಂದ್ಲೂ. ಅವತ್ತು ಅವಳು ಒಳಕ್ಕೋದ್ಲು. ನಂಗೆ ಬಾಯಾರಿತ್ತು, ಕೂಗಕೆ ಅಂತ ಬಾಯಿ ತಗ್ದೆ. ಪರದೆ ಇನ್ನೂ ಎಳ್ದಿರ್ನಿಲ್ಲ. ಜಡೆ ಬಿಚ್ಕೊಂಡು, ಕುಂತ್ಕೊಂಡು, ನಿಧಾನುಕ್ಕೆ ತಲೆ ಬಾಚ್ಕೊತಿದ್ಲು. ನಮ್ಮನೆಗೆ ಬಂದು ಮೂವತ್ತು ವರ್ಸದ ಮ್ಯಾಲಾಯ್ತು, ಅವಳು ಕುಂತು ತಲೆ ಬಾಚಿದ್ದ ನಾನು ನೋಡೇ ಇರ್ನಿಲ್ಲ. ಯಾವಾಗ್ಲೂ ನಿಂತ್ಕೊಂಡು, ಒಲೆ ಮ್ಯಾಲೆ ಒಂದು ಕಣ್ಣು ಇಟ್ಕೊಂಡು ಬಾಚೋಳು. ಸುಮ್ಗಾಗ್ಬುಟ್ಟೆ."

ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. "ನಾನೂ ಈ ಮನೆ ಸೊಸೆಯಾಗೇ ಬಂದೋಳು ಕಣಪ್ಪ. ನಂಗೇನು ಗೊತ್ತಾಗಕಿಲ್ವಾ?"

ಆಮೇಲೆ ಆ ಮುದುಕಿ, ಮಗ್ಗುಲಾಗಲೂ ಆಗದ ಮುದುಕಿ, ಇಡೀ ಮನೆಗೆ ಕೇಳುವ ಹಾಗೆ ಕೂಗಿದರು. "ಏ ಇವ್ಳೇ! ಬಾ ಇಲ್ಲಿ!" ಒಳ್ಳೆಯ ದನಿ. ನನ್ನ ಸೀಟಿಗೂ ಅಷ್ಟು ಜೋರಿರಲಿಲ್ಲ.

ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. ಚಿಕ್ಕಸೊಸೆಯೂ ಮೊಮ್ಮಗನ ಹೆಂಡತಿಯೂ ಏನಾಯಿತೋ ಎಂದು ಬಾಗಿಲಿಗೆ ಬಂದರು.

"ಓಗು, ಗಾಡೀಲಿ ಮನೀಕೊ" ಎಂದರು ಅಜ್ಜಿ, ಎಲ್ಲರ ಮುಂದೆ. "ಮೇಷ್ಟ್ರು ಅವ್ನೆ, ನಂಗೇನು ಬೇಕೋ ಕೊಡ್ತಾನೆ. ನಾನ್ ಏಳ್ತಾ ಇವ್ನಿ, ಓಗು. ಅದ್ರ ಬಾಗ್ಲ ಅತ್ರ ಯಾರಾರ ಓಯ್ತೀರೋ, ನೋಡ್ಕೊತೀನಿ."

ಅವಳು ಅತ್ತೆಯ ಮುಖ ನೋಡಿದಳು. ನಾನು ನೆಲ ನೋಡುತ್ತಿದ್ದೆ. ಅವಳ ಕಾಲುಗಳು ಮಾತ್ರ ನನಗೆ ಕಾಣುತ್ತಿದ್ದವು. ಅವು ಸ್ವಲ್ಪ ಹೊತ್ತು ಹಾಗೆಯೇ ನಿಂತು, ತಿರುಗಿ, ಹಿತ್ತಿಲ ಬಾಗಿಲ ಕಡೆ ನಡೆದವು. ಅಜ್ಜಿ ಕಿಟಕಿಯ ಆಚೆ ನೋಡುತ್ತಾ ಇದ್ದು, "ಪರದೆ ಎಳುದ್ಲು" ಅಂದರು.

ನಾನೂ ಕಿಟಕಿಯತ್ತ ಬಗ್ಗಿದೆ. ನೋಡಲು ಸಮಯ ಸಿಗಲಿಲ್ಲ, ಏಕೆಂದರೆ ಅಜ್ಜಿ "ನೀರು" ಅಂದರು. ಕೊಟ್ಟೆ. ಲೋಟ ಇಟ್ಟು ಕೂತೆ. ದಿಂಬು ಮೇಲೆ ಸರಿಸು ಅಂದರು. ಸರಿಸಿದೆ. ಕೆಳಗೆ ಸರಿಸು ಅಂದರು. ಮುಖದ ಮೇಲೆ ಬಿಸಿಲು ಬೀಳುತ್ತಿದೆ. ನೊಣ. ಎಡಗಾಲು ಜೋಮು ಹಿಡಿದಿದೆ. ಮತ್ತೆ ನೀರು. ಹೊದಿಕೆ ತೆಗೆ, ಸೆಕೆ. ಹೊದಿಕೆ ಹಾಕು, ಚಳಿ. ಎಲೆ ಅಡಿಕೆ ಕುಟ್ಟಿಕೊಡು, ಸಣ್ಣಗೆ, ಇನ್ನೂ ಸಣ್ಣಗೆ. ಎರಡು ಸಲ ಮಾತ್ರ ಚಿಕ್ಕಸೊಸೆಯನ್ನು ಕರೆದು ನಾನು ಹೊರಗೆ ಹೋಗಿ ನಿಲ್ಲಬೇಕಾಯಿತು, ಉಳಿದದ್ದೆಲ್ಲ ನಾನೇ. ಮೂರು ಗಂಟೆಯ ಹೊತ್ತಿಗೆ ನನ್ನ ಬೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಎಣಿಸುವುದು ನನ್ನ ಹಳೆಯ ಚಾಳಿ. ಆ ಎರಡು ಗಂಟೆಯಲ್ಲಿ ಆಕೆ ನನ್ನನ್ನು ಕೂಗಿದ್ದು ಹತ್ತೊಂಬತ್ತು ಸಲ. ಸೊಸೆ ಗಾಡಿಯೊಳಗೆ ಮಲಗುತ್ತಿದ್ದ ಆ ಎಲ್ಲ ಸರದಿಗಳಲ್ಲಿ, ಎಲ್ಲ ಮಧ್ಯಾಹ್ನಗಳಲ್ಲಿ, ಒಂದು ಸಲವೂ ಕೂಗಿರಲಿಲ್ಲ.